ಓದುಗರ ಪ್ರಶ್ನೆ, ಪಿ.ಟಿ. ಮೇಷ್ಟ್ರ ಉತ್ತರ: ನಮ್ಮವರನ್ನು ಮನೆಯಿಂದ ಹೊರಡಿಸುವುದು ಹೇಗೆ?

ನಿಮ್ಮ ಬೀದಿಯಲ್ಲಿ, ನಿಮ್ಮ ಊರಿನಲ್ಲಿ ಜನ ಮೈ ಬಗ್ಗಿಸುತ್ತಿದ್ದಾರಾ, ನಡೆಯುತ್ತಿದ್ದಾರಾ, ಆಡುತ್ತಿದ್ದಾರಾ ಎಂದು ಕಳೆದ ಸಲ ಕೇಳಿದ್ದೆವು. ಬಂದ ಪತ್ರಗಳಲ್ಲಿ 'ನಾನು ಏನು ಮಾಡಲಿ' ಎಂದವರು ಕಡಿಮೆ, 'ನಮ್ಮವರನ್ನು ಹೇಗೆ ಹೊರಡಿಸಲಿ' ಎಂದವರೇ ಜಾಸ್ತಿ. ನನಗೆ ಇದು ನಿಜಕ್ಕೂ ಖುಷಿ ಕೊಟ್ಟಿತು. ಹೆಸರು ಹಾಕಬೇಡಿ ಎಂದು ಹಲವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಷ್ಟ್ರೇ, ನಮ್ಮ ಬಡಾವಣೆಯ ಹೆಂಗಸರು ಸೇರಿ ಸಂಕ್ರಾಂತಿ ಆದಮೇಲೆ ಒಂದು ವಾಕಿಂಗ್ ಗುಂಪು ಮಾಡಿಕೊಂಡೆವು. ಬೆಳಿಗ್ಗೆ ಆರಕ್ಕೆ ಹೊರಡುವುದು ಅಂತ ಮಾತಾಯಿತು. ಮೊದಲ ವಾರ ಇಪ್ಪತ್ತು ಜನ ಬಂದರು, ಯುಗಾದಿ ಹೊತ್ತಿಗೆ ಮೂವರು ಉಳಿದೆವು. ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಆರೋಗ್ಯದ ಸಂದೇಶ ಹಾಕುತ್ತೇನೆ. ಎಲ್ಲರೂ ಕೈ ಮುಗಿದ ಚಿತ್ರ ಕಳಿಸುತ್ತಾರೆ, ಬರುವುದಿಲ್ಲ. ಇವರ ಸೋಮಾರಿತನ ಬಿಡಿಸುವುದು ಹೇಗೆ? (ಗೃಹಿಣಿ, ದಾವಣಗೆರೆ)

ಉತ್ತರ: ಅಕ್ಕಾ, ಅವರು ಸೋಮಾರಿಗಳಲ್ಲ. ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ ನಿಮ್ಮ ಬೀದಿಯ ಮನೆಗಳ ಒಳಗೆ ಏನೇನು ನಡೆಯುತ್ತದೆ ಅನ್ನುವುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬಾಗಿಲಿಗೆ ನೀರು, ರಂಗೋಲಿ, ಮಕ್ಕಳ ಡಬ್ಬಿ, ಎಲ್ಲರಿಗೂ ತಿಂಡಿ, ಅತ್ತೆಯವರು ಮಾತ್ರೆ ನುಂಗುವ ಮುಂಚೆ ಅವರ ಹೊಟ್ಟೆಗೆ ಏನಾದರೂ, ನಲ್ಲಿಯಲ್ಲಿ ನೀರು ಬಿಡುವ ದಿನವಾದರೆ ಅದೊಂದು ಬೇರೆ ಕೆಲಸ. ಇಡೀ ದಿನದಲ್ಲಿ ಹೆಂಗಸಿಗೆ ಚೂರೂ ಪುರುಸೊತ್ತಿಲ್ಲದ ಹೊತ್ತು ಅದು, ನಿಮ್ಮ ಗುಂಪು ಅದನ್ನೇ ಆರಿಸಿಕೊಂಡಿದೆ. ಬೆಳಗಿನ ವಾಕಿಂಗ್ ಅನ್ನುವುದು ಅಡುಗೆಮನೆಯ ಜವಾಬ್ದಾರಿ ಇಲ್ಲದವರಿಗೆ ಹೊಂದುವ ಪದ್ಧತಿ. ಬೆಳಿಗ್ಗೆ ನಡೆದರೇ ಒಳ್ಳೆಯದು ಅಂತೇನೂ ಇಲ್ಲ. ಮಧ್ಯಾಹ್ನ ನಾಲ್ಕೂವರೆಗೆ ನಡೆದರೂ ಹೃದಯಕ್ಕೆ, ಸಕ್ಕರೆಗೆ, ಮೂಳೆಗೆ ಸಿಗುವ ಲಾಭ ಸಿಕ್ಕೇ ಸಿಗುತ್ತದೆ.

ಇದು ನಿಮ್ಮ ಬಡಾವಣೆ ಒಂದರ ಕಥೆಯಲ್ಲ. 2024ರಲ್ಲಿ 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಬಂತು. ಅದರ ಪ್ರಕಾರ 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಇದೇ ಲೆಕ್ಕ 2000ನೇ ಇಸವಿಯಲ್ಲಿ ಒಟ್ಟಾರೆ ಶೇ. 22ರ ಆಸುಪಾಸು ಇತ್ತು. ಎರಡು ದಶಕದಲ್ಲಿ ಕೋಟಿಗಟ್ಟಲೆ ಜನರ ಸ್ವಭಾವವೇ ಕೆಟ್ಟುಹೋಗುವುದಿಲ್ಲ, ಅಲ್ವಾ? ಕೆಲಸದ ರೀತಿ ಬದಲಾಗಿದೆ, ಓಡಾಟದ ರೀತಿ ಬದಲಾಗಿದೆ, ರಸ್ತೆ ಬದಲಾಗಿದೆ. ಹಾಗಾಗಿ ಜನಕ್ಕೆ ಬುದ್ಧಿ ಹೇಳುವುದನ್ನು ಬಿಟ್ಟು ಅವರಿಗೆ ಅನುಕೂಲ ಮಾಡಿಕೊಡುವುದನ್ನು ನೋಡೋಣ.

ಆ ಇಪ್ಪತ್ತು ಜನರನ್ನೂ ಒಬ್ಬೊಬ್ಬರನ್ನಾಗಿ ಕೇಳಿ, 'ನಿಮಗೆ ಯಾವ ಹೊತ್ತು ಆಗುತ್ತದೆ?' ಅಂತ. ಗ್ರೂಪಿನಲ್ಲಿ ಕೇಳಬೇಡಿ, ಮನೆಗೇ ಹೋಗಿ ಕೇಳಿ. ಒಬ್ಬರು ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಹಾಗೇ ನಡೆದುಬಿಡೋಣ ಅನ್ನಬಹುದು, ಇನ್ನೊಬ್ಬರು ಸಂಜೆ ದೀಪ ಹಚ್ಚಿದ ಮೇಲೆ ಅನ್ನಬಹುದು, ಮತ್ತೊಬ್ಬರು ರಾತ್ರಿ ಊಟ ಆಗಿ ಪಾತ್ರೆ ತೊಳೆದ ಮೇಲೆ ಕಾಲು ಗಂಟೆ ಅಂದಾರು. ಎರಡು ಗುಂಪಾದರೂ ಆಗಲಿ, ಮೂರಾದರೂ ಆಗಲಿ, ನಷ್ಟವೇನಿಲ್ಲ. ಆದರೆ ಒಮ್ಮೆ ಒಪ್ಪಿಕೊಂಡ ಹೊತ್ತನ್ನು ಬದಲಾಯಿಸಬೇಡಿ. 'ಇವತ್ತು ಬರ್ತೀರಾ?' ಅಂತ ದಿನಾ ಕೇಳುವ ಗುಂಪು ಬೇಗ ಕರಗುತ್ತದೆ. ಕೇಳುವ ಅಗತ್ಯವೇ ಇಲ್ಲದ ಹಾಗೆ, ಐದು ಗಂಟೆಗೆ ಆ ಮೂಲೆಮನೆಯ ಮುಂದೆ ಯಾರಾದರೂ ಇಬ್ಬರು ಇದ್ದೇ ಇರುತ್ತಾರೆ ಎಂದು ಎಲ್ಲರಿಗೂ ಗೊತ್ತಿರಬೇಕು.

ಇಂಗ್ಲೆಂಡಿನಲ್ಲಿ ಪಾರ್ಕ್‌ರನ್ ಅಂತ ಒಂದಿದೆ. 2004ರ ಅಕ್ಟೋಬರಿನಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಜನ ಓಡಿ ಶುರುವಾದದ್ದು, ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಶನಿವಾರ ಬೆಳಿಗ್ಗೆ, ಅದೇ ಪಾರ್ಕು, ಅದೇ 5 ಕಿ.ಮೀ., ದುಡ್ಡು ಕೊಡಬೇಕಿಲ್ಲ. ಓಡಲೇಬೇಕು ಅಂತಲೂ ಇಲ್ಲ, ನಡೆದರೂ ಆಯಿತು. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಏರ್ಪಾಟು. ಎಲ್ಲರಿಗಿಂತ ಹಿಂದೆ ನಡೆಯಲೆಂದೇ ಒಬ್ಬ ಸ್ವಯಂಸೇವಕ ಇರುತ್ತಾನೆ. ಹಾಗಾಗಿ ಬಂದವರಲ್ಲಿ ಯಾರೂ ಕೊನೆಯವರಾಗುವುದಿಲ್ಲ. ನಿಮ್ಮ ಗುಂಪಿಗೂ ಇದನ್ನು ತನ್ನಿ. ದಪ್ಪ ಇರುವವರು, ಮಂಡಿ ನೋವಿನವರು, ಹೆರಿಗೆಯಾಗಿ ಕೆಲವು ತಿಂಗಳಾದ ತಾಯಂದಿರು ಮೊದಲ ದಿನ ಹಿಂದೆ ಬಿದ್ದು ಏದುಸಿರು ಬಿಡುತ್ತಾ ಬರುತ್ತಾರೆ, ಮುಂದಿನವರು ಮಾತಾಡುತ್ತಾ ಹೊರಟೇ ಹೋಗಿರುತ್ತಾರೆ, ಎರಡನೇ ದಿನ ಇವರು ಬರುವುದಿಲ್ಲ. ಗುಂಪಿನಲ್ಲಿ ಯಾರು ನಿಧಾನವೋ ಅವರ ಜೊತೆ ಒಬ್ಬರು ನಡೆಯಲಿ, ಸರದಿಯ ಮೇಲೆ.

ತೂಕದ ಮಾತು ಎತ್ತಲೇಬೇಡಿ. 'ಎಷ್ಟು ಇಳಿದ್ರಿ?' ಅನ್ನುವ ಒಂದು ಪ್ರಶ್ನೆ ಸಾಕು, ತೂಕ ಇಳಿಯದವರು ಮುಖ ತೋರಿಸಲು ನಾಚಿಕೊಂಡು ದೂರ ಸರಿಯುತ್ತಾರೆ. ನಡೆದ ಮಾತ್ರಕ್ಕೆ ತೂಕ ಬೇಗ ಇಳಿಯುವುದೂ ಇಲ್ಲ, ಅದರಲ್ಲಿ ಊಟದ ಪಾಲು ದೊಡ್ಡದು. ಆದರೆ ತೂಕ ಇಳಿಯದಿದ್ದರೂ ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸು ಇವೆಲ್ಲ ಸುಧಾರಿಸುತ್ತವೆ. 'ರಾತ್ರಿ ಚೆನ್ನಾಗಿ ನಿದ್ದೆ ಬಂತಾ?' ಅಂತ ಕೇಳಿ, ಅದು ಬೇಗ ಗೊತ್ತಾಗುವ ಬದಲಾವಣೆ.

ಕುಂದವಾಡ ಕೆರೆ ಏರಿಯ ಮೇಲೆ ನಡೆಯುವುದು ಚಂದವೇ, ಆದರೆ ಅಲ್ಲಿಗೆ ಸ್ಕೂಟಿಯಲ್ಲಿ ಹೋಗಿ ಬರಬೇಕಾದರೆ ದಿನಾ ಆಗುವ ಮಾತಲ್ಲ. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಉಳಿದ ದಿನ ಮನೆ ಮುಂದಿನ ಬೀದಿಗಳೇ ಸಾಕು. ಹೊಸ ಶೂ, ಟ್ರ್ಯಾಕ್ ಪ್ಯಾಂಟ್ ಇರಲೇಬೇಕು ಅಂತ ಹೇಳಬೇಡಿ, ಸೀರೆಯಲ್ಲೇ ಬರಲಿ, ಹಿಮ್ಮಡಿ ಜಾರದ ಚಪ್ಪಲಿ ಇದ್ದರೆ ಆಯಿತು. ಬೀದಿ ದೀಪ ಎಲ್ಲಿ ಉರಿಯುತ್ತಿಲ್ಲ, ನಾಯಿಗಳು ಎಲ್ಲಿ ಅಟ್ಟಿಸಿಕೊಂಡು ಬರುತ್ತವೆ, ಎಲ್ಲಿ ಗಂಡಸರು ಕೂತು ದಿಟ್ಟಿಸುತ್ತಾರೆ, ಇದನ್ನೆಲ್ಲ ಬರೆದಿಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಗುಂಪು ಬಿಟ್ಟವರಲ್ಲಿ ಎಷ್ಟು ಜನ ಇದೇ ಕಾರಣಕ್ಕೆ ಬಿಟ್ಟರೋ, ಬಾಯಿಬಿಟ್ಟು ಹೇಳಿರುವುದಿಲ್ಲ. ಹತ್ತು ಹೆಂಗಸರು ಒಟ್ಟಿಗೆ ಹೋಗಿ ವಾರ್ಡ್ ಸದಸ್ಯರಿಗೆ ದೀಪದ ಕಂಬದ ನಂಬರ್ ಕೊಟ್ಟರೆ ಅದಕ್ಕೊಂದು ತೂಕ ಇರುತ್ತದೆ.

ಇನ್ನೊಂದು. ಹೆಂಗಸು ಅರ್ಧ ಗಂಟೆ ಹೊರಗೆ ಹೋಗಬೇಕಾದರೆ ಆ ಅರ್ಧ ಗಂಟೆ ಮನೆಯಲ್ಲಿ ಯಾರಾದರೂ ಒಲೆ ನೋಡಬೇಕು, ಮಗು ನೋಡಬೇಕು. ಈ ಮಾತನ್ನು ನಿಮ್ಮ ಗುಂಪು ಹೆಂಗಸರ ಹತ್ತಿರ ಅಲ್ಲ, ಅವರ ಗಂಡಂದಿರ ಹತ್ತಿರ ಹೇಳಬೇಕು. ಗಣೇಶನ ಹಬ್ಬದ ಸಭೆಯಲ್ಲೋ ಬಡಾವಣೆಯ ಸಂಘದ ಮೀಟಿಂಗಿನಲ್ಲೋ ನೇರವಾಗಿ ಹೇಳಿಬಿಡಿ.

ಎಷ್ಟು ನಡೆಯಬೇಕು ಅಂತ ಯಾರಾದರೂ ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ. ನಡೆಯುವಾಗ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಿದ್ದರೆ ಸರಿ. ಹತ್ತು ನಿಮಿಷ ಮಾತ್ರ ಆಗುತ್ತದೆ ಅನ್ನುವವರಿಗೆ ಹತ್ತು ನಿಮಿಷವೂ ಒಳ್ಳೆಯದೇ.

ಪ್ರಶ್ನೆ: ಸರ್, ನಾನು ಬಸ್ ಚಾಲಕ. ನಮ್ಮ ಡಿಪೋದಲ್ಲಿ ಐವತ್ತು ದಾಟಿದವರಲ್ಲಿ ಬಿಪಿ, ಶುಗರ್ ಇಲ್ಲದವರೇ ಕಡಿಮೆ. ಡ್ಯೂಟಿ ಮುಗಿಸಿ ಬಂದರೆ ಮೈ ಹಿಂಡಿದ ಹಾಗಿರುತ್ತದೆ. ಇಷ್ಟು ದಣಿಯುವವರಿಗೂ ವ್ಯಾಯಾಮ ಬೇಕಾ? (ಉತ್ತರ ಕರ್ನಾಟಕದ ಓದುಗ)

ಉತ್ತರ: ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ಬಸ್ಸಿನಲ್ಲಿ. ಲಂಡನ್ನಿನ ಜೆರೆಮಿ ಮೋರಿಸ್ ಎಂಬ ವೈದ್ಯರು ಅಲ್ಲಿನ ಸಾರಿಗೆ ನೌಕರರಲ್ಲಿ ಸುಮಾರು 31,000 ಗಂಡಸರನ್ನು ಗಮನಿಸಿ 1953ರಲ್ಲಿ ಒಂದು ವರದಿ ಬರೆದರು. ಡ್ರೈವರ್, ಕಂಡಕ್ಟರ್ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಊರಿನಲ್ಲಿ ದುಡಿಯುವವರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು. ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಡಬ್ಬಲ್ ಡೆಕ್ಕರಿನ ಮೆಟ್ಟಿಲು ಹತ್ತಿ ಇಳಿಯುತ್ತಾ ಒಂದು ಪಾಳಿಯಲ್ಲಿ 500ರಿಂದ 750 ಮೆಟ್ಟಿಲು ಏರುತ್ತಿದ್ದ. ಹೃದಯಾಘಾತ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು, ಆದವರಲ್ಲೂ ಸಾವು ಕಡಿಮೆ. ಡ್ರೈವರ್ ಕೆಲಸಕ್ಕೆ ಮೊದಲೇ ದಪ್ಪಗಿದ್ದವರು ಸೇರುತ್ತಿದ್ದರೋ ಏನೋ ಅಂತ ಅನುಮಾನ ಬಂದಾಗ ಮೋರಿಸ್ ಅವರು ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಗಳನ್ನು ತರಿಸಿ ನೋಡಿದರು. ಡ್ರೈವರುಗಳ ಸೊಂಟ ದಪ್ಪ ಇದ್ದದ್ದು ನಿಜ, ಅದನ್ನೂ ಮುಚ್ಚಿಡದೆ 1956ರಲ್ಲಿ ಬರೆದರು. ಅಂಚೆ ಇಲಾಖೆಯಲ್ಲಿ ನಡೆದು, ಸೈಕಲ್ ತುಳಿದು ಕಾಗದ ಹಂಚುವವರನ್ನೂ ಕೂತು ಕೆಲಸ ಮಾಡುವ ಗುಮಾಸ್ತರನ್ನೂ ಹೋಲಿಸಿದರೆ ಅಲ್ಲೂ ಅದೇ ಕಥೆ. ಕೂತು ಮಾಡುವ ಕೆಲಸದ ಅಪಾಯ ಮೊದಲು ಎದ್ದು ಕಂಡಿದ್ದು ಹೀಗೆ. ಮೋರಿಸ್ ಅವರು 2009ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು.

ನಿಮ್ಮ ದಣಿವು ಸುಳ್ಳಲ್ಲ. ಗೇರು, ಕ್ಲಚ್ಚು, ಹಾರ್ನು, ಬಿಸಿಲು, ಪ್ರಯಾಣಿಕರ ಜಗಳ, ಇವೆಲ್ಲ ನರಗಳನ್ನು ದಣಿಸುತ್ತವೆ, ಬೆನ್ನನ್ನು ಹಿಡಿಸುತ್ತವೆ. ಆದರೆ ಹೃದಯಕ್ಕೂ ಕಾಲಿಗೂ ಬೇಕಾದ ಕೆಲಸ ಅದರಿಂದ ಸಿಗುವುದಿಲ್ಲ. ಮನೆಗೆ ಬಂದ ಮೇಲೆ ಮಾಡಿ ಅಂತ ನಾನು ಹೇಳುವುದಿಲ್ಲ, ಅದು ಆಗುವ ಮಾತಲ್ಲ. ಟ್ರಿಪ್ ಮುಗಿದು ನಿಲ್ದಾಣದಲ್ಲಿ ನಿಂತಾಗ ಚಹಾ ಕುಡಿಯುವ ಮುಂಚೆ ಪ್ಲಾಟ್‌ಫಾರ್ಮಿನ ಆ ತುದಿಯಿಂದ ಈ ತುದಿಗೆ ಎರಡು ಮೂರು ಸುತ್ತು ಚುರುಕಾಗಿ ನಡೆಯಿರಿ, ಕಂಡಕ್ಟರಣ್ಣನನ್ನೂ ಕರೆಯಿರಿ. ಡಿಪೋದಲ್ಲಿ ಒಂದು ವಾಲಿಬಾಲ್ ಕೋರ್ಟಿಗೆ ಜಾಗ ಇರುತ್ತದಾ ನೋಡಿ. ಎರಡು ಕಂಬ, ಒಂದು ನೆಟ್, ಒಂದು ಚೆಂಡು, ಗೆರೆಗೆ ಸುಣ್ಣ. ಪಾಳಿ ಬದಲಾಗುವ ಹೊತ್ತಿಗೆ ಅರ್ಧ ಗಂಟೆ ಆಟ ಬಿದ್ದರೆ ಕರೆಯದೇ ಜನ ಸೇರುತ್ತಾರೆ. ಬಿಪಿ ಜಾಸ್ತಿ ಇರುವವರು, ಎದೆನೋವು ಬಂದು ಹೋದವರು ಮಾತ್ರ ಡಾಕ್ಟರಿಗೆ ತೋರಿಸಿಕೊಂಡೇ ಕೋರ್ಟಿಗೆ ಇಳಿಯಬೇಕು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ಮೊದಲು ನಮ್ಮೂರ ಜನ ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು. ಈಗ ಟ್ರ್ಯಾಕ್ಟರ್, ಕೊಯ್ಲಿನ ಯಂತ್ರ, ಹೊಲಕ್ಕೆ ಹೋಗಲೂ ಬೈಕು. ಸಕ್ಕರೆ ಕಾಯಿಲೆ ಊರೊಳಗೆ ಬಂದಿದೆ. ಓಪನ್ ಜಿಮ್ ಹಾಕಿಸೋಣ ಎಂಬ ಯೋಚನೆ ಇದೆ. ನಿಮ್ಮ ಅಭಿಪ್ರಾಯ? (ಹಾವೇರಿ ಜಿಲ್ಲೆ)

ಉತ್ತರ: ನಿಮಗೆ ಈ ಕಾಳಜಿ ಇರುವುದಕ್ಕೆ ಮೊದಲು ನಮಸ್ಕಾರ. ಆದರೆ 'ಊರಿನ ಜನ' ಅನ್ನುವಾಗ ಯಾರನ್ನು ಲೆಕ್ಕ ಹಿಡಿಯುತ್ತೀರಿ ಅಂತ ಸ್ವಲ್ಪ ನೋಡಬೇಕು. ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ, ಹತ್ತಿ ಬಿಡಿಸುವ ಕೂಲಿ ಹೆಣ್ಣುಮಕ್ಕಳು ಇವತ್ತಿಗೂ ದಿನವಿಡೀ ಬಗ್ಗಿಯೇ ಇದ್ದಾರೆ. ಅವರಿಗೆ ವಾಕಿಂಗ್ ಹೇಳಿಕೊಡುವ ಅಗತ್ಯ ಇಲ್ಲ. ಅವರಿಗೆ ಬೇಕಾದದ್ದು ಬೆನ್ನಿಗೆ ವಿಶ್ರಾಂತಿ, ಹೊಟ್ಟೆ ತುಂಬ ಊಟ, ರಕ್ತಹೀನತೆಯ ತಪಾಸಣೆ. ಯಂತ್ರ ಬಂದು ಕೆಲಸ ಹಗುರಾದದ್ದು ಹೊಲದ ಮಾಲೀಕರಿಗೆ, ಟ್ರ್ಯಾಕ್ಟರ್ ಓಡಿಸುವವರಿಗೆ, ಅಂಗಡಿ ಇಟ್ಟವರಿಗೆ, ಕಾಲೇಜು ಮುಗಿಸಿ ಮೊಬೈಲ್ ಹಿಡಿದು ಕಟ್ಟೆ ಮೇಲೆ ಕೂತ ಹುಡುಗರಿಗೆ. ನಿಮ್ಮ ಯೋಜನೆ ಮುಖ್ಯವಾಗಿ ಇವರಿಗಾಗಿ.

ಓಪನ್ ಜಿಮ್ ಬೇಡ ಅನ್ನುವುದಿಲ್ಲ, ಅದನ್ನೇ ಮೊದಲು ಮಾಡಬೇಡಿ ಅನ್ನುತ್ತೇನೆ. ಸಲಕರಣೆ ಬಂದ ಹೊಸದರಲ್ಲಿ ಮಕ್ಕಳು ಜೋತಾಡುತ್ತಾರೆ, ಬೇರಿಂಗ್ ಹೋದರೆ ರಿಪೇರಿಗೆ ಯಾರೂ ಬರುವುದಿಲ್ಲ, ಆಮೇಲೆ ಅದರ ಮೇಲೆ ಬಟ್ಟೆ ಒಣಗುತ್ತದೆ. ರಿಪೇರಿಗೆ ಯಾರು, ದುಡ್ಡು ಎಲ್ಲಿಂದ ಅಂತ ತೀರ್ಮಾನ ಆದಮೇಲೆ ಹಾಕಿಸಿ. ಅದಕ್ಕಿಂತ ಮೊದಲು ಊರಿಂದ ಕೆರೆಗೆ, ಊರಿಂದ ಗುಡಿಗೆ ಹೋಗುವ ದಾರಿ ನೋಡಿ. ಮುಳ್ಳುಕಂಟಿ ತೆಗೆಸಿ, ಎರಡು ಕಡೆ ಮರ ನೆಡಿಸಿ, ನಾಲ್ಕು ದೀಪ ಹಾಕಿಸಿ, ನಡುವೆ ಕೂರಲು ಒಂದೆರಡು ಕಲ್ಲು ಬೆಂಚು. ವಯಸ್ಸಾದವರು ನಡೆಯದಿರುವುದು ಕೂರಲು ಜಾಗ ಇಲ್ಲ ಎಂಬ ಕಾರಣಕ್ಕೆ, ಇದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಶಾಲೆಯ ಮೈದಾನವನ್ನು ಶಾಲೆ ಬಿಟ್ಟ ಮೇಲೆ ಊರಿಗೆ ತೆರೆದಿಡಲು ಮುಖ್ಯಶಿಕ್ಷಕರ ಜೊತೆ, ಶಾಲೆಯ ಮೇಲುಸ್ತುವಾರಿ ಸಮಿತಿಯವರ (ಎಸ್‌ಡಿಎಂಸಿ) ಜೊತೆ ಮಾತಾಡಿ, ಗೇಟಿನ ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನೂ ಬರೆದು ಒಪ್ಪಂದ ಮಾಡಿಕೊಳ್ಳಿ. ಉದ್ಯೋಗ ಖಾತ್ರಿಯ ಕೆಲಸದಲ್ಲೇ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಿಗೆ ಆಟದ ಮೈದಾನ, ಕಾಂಪೌಂಡ್ ಆಗಿವೆ. ಗ್ರಾಮ ಸಭೆಯಲ್ಲಿ ವಿಷಯ ಇಟ್ಟು, ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು (ಪಿಡಿಒ) ಕೇಳಿ.

ನಿಮ್ಮ ಕಡೆ ಗರಡಿಮನೆ ಇದ್ದ ಊರುಗಳು ಬಹಳ. ನಿಮ್ಮೂರಲ್ಲೂ ಬಾಗಿಲು ಹಾಕಿದ ಒಂದು ಗರಡಿಮನೆ ಇದ್ದರೆ ಅದನ್ನು ತೆರೆಸಿ. ಮಣ್ಣು ಹದ ಮಾಡಲು ಗೊತ್ತಿರುವ ಹಿರಿಯ ಪೈಲ್ವಾನರು ಇನ್ನೂ ಇರುವಾಗಲೇ ಹುಡುಗರು ಕಲಿಯಲಿ. ಕಬಡ್ಡಿ ಅಂಕಣ ಒಂದು ಇರಲಿ. ಮತ್ತೆ ಹೆಣ್ಣುಮಕ್ಕಳಿಗೆ ವಾರದಲ್ಲಿ ಕೆಲವು ಸಂಜೆ ಮೈದಾನ ಅವರದ್ದೇ ಅಂತ ಗೊತ್ತುಮಾಡಿ. 'ಎಲ್ಲರಿಗೂ ಬಿಟ್ಟಿದ್ದೇವೆ' ಅಂದರೆ ಮೈದಾನ ಗಂಡು ಹುಡುಗರ ಕ್ರಿಕೆಟ್ಟಿಗೇ ಹೋಗುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಡಿಸೆಂಬರ್ ಬಂದರೆ ಆಟದ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಪೋಷಕರೂ ಅದೇ ಸರಿ ಅನ್ನುತ್ತಾರೆ. ಏನು ಮಾಡಲಿ? (ಶಿಕ್ಷಕಿ, ಮಂಡ್ಯ ಜಿಲ್ಲೆ)

ಉತ್ತರ: ಮೇಡಂ, ಇಡೀ ಕೆಲಸದ ಜೀವನದಲ್ಲಿ ನಾನು ಜಾಸ್ತಿ ವಾದ ಮಾಡಿದ್ದು ಇದೇ ವಿಷಯಕ್ಕೆ, ಈಗಲೂ ಮಾಡುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಶಾಲೆಗೆ ಆಟದ ಮೈದಾನ ಇರಬೇಕು ಅಂತ ಇದೆ. ಪೋಷಕರ ಸಭೆಯಲ್ಲಿ ಕಾಯ್ದೆಗಿಂತ ಕಣ್ಣಿನ ಮಾತು ಬೇಗ ನಾಟುತ್ತದೆ. ಹಗಲು ಬೆಳಕಿನಲ್ಲಿ ಹೊರಗೆ ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ತೊಂದರೆ ಶುರುವಾಗುವುದು ಕಡಿಮೆ. ಕನ್ನಡಕ ಏರಿಸಿಕೊಂಡ ಮಕ್ಕಳ ತಾಯಂದಿರು ಕಿವಿಗೊಟ್ಟು ಕೇಳುತ್ತಾರೆ. ಆಟ ಅಂದರೆ ಟೀಮಿಗೆ ಆಯ್ಕೆಯಾದ ಹನ್ನೊಂದು ಜನರದ್ದು ಮಾತ್ರ ಆಗಬಾರದು. ಲಗೋರಿ, ಖೊಖೊ, ಕುಂಟೆಬಿಲ್ಲೆ, ಹಗ್ಗದಾಟ ಆಡಿಸಿ, ಎಲ್ಲರ ಕಾಲೂ ಓಡುತ್ತವೆ. ಮತ್ತೆ ದಯವಿಟ್ಟು ಗಲಾಟೆ ಮಾಡಿದ ಮಗುವಿಗೆ ಶಿಕ್ಷೆ ಅಂತ ಬಸ್ಕಿ ಹೊಡೆಸುವುದು, ಮೈದಾನ ಸುತ್ತಿಸುವುದು ನಿಮ್ಮ ಶಾಲೆಯಲ್ಲಿ ನಿಲ್ಲಲಿ. ವ್ಯಾಯಾಮವನ್ನು ಶಿಕ್ಷೆಯಾಗಿ ಕಂಡ ಮಗು ದೊಡ್ಡವನಾದ ಮೇಲೆ ಅದರ ಹತ್ತಿರ ಸುಳಿಯುವುದಿಲ್ಲ.

ಪ್ರಶ್ನೆ: ದಿನಕ್ಕೆ 10,000 ಹೆಜ್ಜೆ ಆಗಲೇಬೇಕಾ? ನನ್ನದು ಐದು ಸಾವಿರ ದಾಟುವುದಿಲ್ಲ, ವಾಚ್ ನೋಡಿದರೆ ಬೇಜಾರಾಗುತ್ತದೆ. (ಬೆಂಗಳೂರು)

ಉತ್ತರ: ಬೇಜಾರು ಬೇಡ. ಆ ಅಂಕಿ ಬಂದದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಜೊತೆಗೆ, ಯಾವ ಡಾಕ್ಟರ ಲೆಕ್ಕದಿಂದಲೂ ಅಲ್ಲ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ನಡೆಯುವವರಲ್ಲೇ 2,700 ನಡೆಯುವವರಿಗಿಂತ ಸಾವು ಕಡಿಮೆ ಕಂಡಿತು, 7,500ರ ಆಸುಪಾಸಿನ ಮೇಲೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಐದು ಸಾವಿರಕ್ಕೆ ಇನ್ನೊಂದು ಸಾವಿರ ಸೇರಿಸುವುದು ಹೇಗೆ ಅಂತ ಮಾತ್ರ ಯೋಚಿಸಿ.

ಪ್ರಶ್ನೆ: ಅಪ್ಪನಿಗೆ 68, ಸಕ್ಕರೆ ಕಾಯಿಲೆ, ಮಂಡಿ ನೋವು. ನಡೆಯಿರಿ ಅಂದರೆ ಸಿಟ್ಟು ಮಾಡಿಕೊಳ್ಳುತ್ತಾರೆ. (ಶಿವಮೊಗ್ಗ)

ಉತ್ತರ: ತಮ್ಮಾ, 'ನಡೆಯಿರಿ' ಅನ್ನಬೇಡ, 'ಬನ್ನಿ ಅಪ್ಪ, ಹಾಲು ತರೋಣ' ಅನ್ನು, ಜೊತೆಗೆ ಹೋಗು. ಊಟ ಆದಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದ ನಂತರ ಏರುವ ಸಕ್ಕರೆ ಅಷ್ಟು ಏರುವುದಿಲ್ಲ. ಮಂಡಿ ಸವೆತದ ನೋವಿಗೆ ತೊಡೆಯ ಸ್ನಾಯು ಗಟ್ಟಿಯಾಗುವುದು ತುಂಬಾ ಮುಖ್ಯ. ಗಟ್ಟಿ ಕುರ್ಚಿಯಲ್ಲಿ ಕೂತು ನಿಧಾನವಾಗಿ ಏಳುವುದು, ಮತ್ತೆ ಕೂರುವುದು, ಬೇಕಾದರೆ ಮೇಜು ಹಿಡಿದು. ಐದರಿಂದ ಶುರು ಮಾಡಿ, ದಿನ ಕಳೆದಂತೆ ಹೆಚ್ಚಿಸಲಿ. ಇನ್ಸುಲಿನ್ ತೆಗೆದುಕೊಳ್ಳುವವರಾದರೆ, ಸಕ್ಕರೆಯನ್ನು ತೀರಾ ಇಳಿಸಿಬಿಡಬಲ್ಲ ಮಾತ್ರೆ ನುಂಗುವವರಾದರೆ ಡಾಕ್ಟರನ್ನು ಕೇಳಿ ಹೊತ್ತು ಗೊತ್ತುಮಾಡು, ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬರಿಗಾಲಲ್ಲಿ ನಡೆಸಬೇಡ, ರಾತ್ರಿ ಅಂಗಾಲು ನೋಡು, ಗಾಯ ಇದ್ದರೂ ಅವರಿಗೆ ಗೊತ್ತೇ ಆಗಿರದಿರಬಹುದು. ನಡೆಯುವಾಗ ಎದೆ ಬಿಗಿದರೆ, ಎಡಗೈ ಅಥವಾ ದವಡೆ ನೋವು ಬಂದರೆ, ತಣ್ಣನೆ ಬೆವರು ಬಂದರೆ ಗ್ಯಾಸ್ ಅಂತ ಮನೆಯಲ್ಲಿ ಕೂರಿಸಬೇಡ, ಸೀದಾ ಆಸ್ಪತ್ರೆಗೆ.

ಪ್ರಶ್ನೆ: ನಮ್ಮ ಪಾರ್ಕಿನ ಗೇಟು ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ನಾಲ್ಕಕ್ಕೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ನಡೆಯುವ ನಮ್ಮಂಥವರಿಗೆ ಜಾಗವೇ ಇಲ್ಲ. (ಒಂದು ಜಿಲ್ಲಾ ಕೇಂದ್ರದಿಂದ)

ಉತ್ತರ: ನಿಮ್ಮ ಬೇಡಿಕೆ ನ್ಯಾಯವಾದದ್ದು. ಬೆಂಗಳೂರಿನಲ್ಲಿ 2024ರಲ್ಲಿ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂಬ ತೀರ್ಮಾನ ಆಯಿತು, ಅದನ್ನೇ ಉದಾಹರಣೆ ಕೊಡಿ. ಪಾರ್ಕಿನ ಸುತ್ತಲಿನ ಮನೆಗಳವರ ಸಹಿ ಸಂಗ್ರಹಿಸಿ, ಯಾವ ಹೊತ್ತಿಗೆ ಯಾರು ಬಳಸುತ್ತಾರೆ ಅಂತ ಬರೆದು ಪೌರಾಯುಕ್ತರಿಗೆ ಅಥವಾ ಆಯುಕ್ತರಿಗೆ ಅರ್ಜಿ ಕೊಡಿ, ಒಂದು ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಧ್ಯಾಹ್ನ ಕಾವಲಿಗೆ ಜನ ಇಲ್ಲ ಎಂಬ ಕಾರಣ ಹೇಳುವ ಸಂಭವ ಇದೆ. ಹಾಗೆ ಹೇಳಿದರೆ ಮೊದಲು ಹನ್ನೊಂದರವರೆಗೆ ಮಾತ್ರ ತೆರೆದಿಡಿ ಎಂದು ಕೇಳಿ, ಒಂದು ತಿಂಗಳು ನಡೆಯಲಿ, ಆಮೇಲೆ ಉಳಿದದ್ದಕ್ಕೆ ಮತ್ತೆ ಹೋಗಿ.